ಫ್ರಾವ್ ಹೇಬರ್ಲೆಯ ಬಾಗಿಲು ಕುಯ್ಯಿಸಿದ್ದು

ಗರ್ರ್… ಗರ್ರ್… ಗರ್ರ್…

ಓಕ್ ಮರದ ಹಲಗೆಯ ಮೇಲೆ ಗರಗಸ ಆಡುವ ಸದ್ದು ಇದು. ಇಷ್ಟು ವರ್ಷವಾದ ಮೇಲೂ ಎಲ್ಲಾದರೂ ಮರಗೆಲಸ ನಡೆಯುತ್ತಿದ್ದರೆ ನಾನು ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತೇನೆ. ನನ್ನ ಜೀವಮಾನದಲ್ಲಿ ಗರಗಸ ಮುಟ್ಟಿದವಳಲ್ಲ ನಾನು. ಆದರೂ ಜರ್ಮನಿಯ ಒಂದು ಹಳ್ಳಿಯಲ್ಲಿ, ಮೂರು ತಲೆಮಾರು ಕಂಡ ಮುಂಬಾಗಿಲೊಂದನ್ನು ಸರಿಯಾಗಿ ನಡುವಿಗೆ ಎರಡು ಹೋಳು ಮಾಡಿದ ಕೀರ್ತಿ ನನ್ನದು. ಬರೀ ಬಾಯಿಂದ!

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರಿಗೆ ಸ್ಟುಟ್‌ಗಾರ್ಟ್‌ನ ಫೊಯರ್‌ಬಾಕ್‌ನಲ್ಲಿ ಎಂಜಿನಿಯರ್ ಕೆಲಸ. ಹೆಸರಿನ ಮುಂದೆ ಡಾಕ್ಟರ್ ಎಂದು ಇದ್ದುದರಿಂದ ಫೋನಿನಲ್ಲಿ ಬಾಡಿಗೆ ಮನೆ ಕೇಳಿದಾಗ ಎಲ್ಲರೂ "ಬನ್ನಿ, ಬನ್ನಿ" ಎನ್ನುತ್ತಿದ್ದರು. ನಾವು ಹೋಗಿ ಬಾಗಿಲಲ್ಲಿ ನಿಂತ ಕೂಡಲೇ ಆ ಮನೆ ಹಿಂದಿನ ದಿನವೇ ಬಾಡಿಗೆಗೆ ಹೋಗಿಬಿಟ್ಟಿರುತ್ತಿತ್ತು! ಕೊನೆಗೆ ಅಬ್‌ಸ್ಟಾಟ್ ಕಡೆ, ದ್ರಾಕ್ಷಿ ತೋಟಗಳ ನಡುವಿನ ಲಿಂಡೆನ್‌ಹೋಫೆನ್ ಎಂಬ ಪುಟ್ಟ ಹಳ್ಳಿಯಲ್ಲಿ, ಫ್ರಾವ್ ಹೇಬರ್ಲೆ ಎಂಬ ಒಂಟಿ ಹೆಂಗಸು ತಮ್ಮ ಮನೆಯ ಮಹಡಿಯನ್ನು ನಮಗೆ ಕೊಟ್ಟರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಗುಡಿಸೋಕೆ ಬರುತ್ತಾ?"

ಬರುತ್ತೆ ಎಂದೆ. ಅದು ಆ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು.

ಆ ಸೀಮೆಯಲ್ಲಿ ಕೇರ್‌ವೋಖೆ ಎಂದು ಒಂದು ವ್ರತವಿದೆ. ಒಂದು ವಾರ ಮಾಲೀಕರು, ಮರುವಾರ ಬಾಡಿಗೆಯವರು, ಮೆಟ್ಟಿಲು, ಅಂಗಳ, ಮನೆ ಮುಂದಿನ ರಸ್ತೆ ಎಲ್ಲ ಗುಡಿಸಬೇಕು. ಕಸ ಇದ್ದರೂ ಗುಡಿಸಬೇಕು, ಇಲ್ಲದಿದ್ದರೆ ಇನ್ನೂ ಚೆನ್ನಾಗಿ ಗುಡಿಸಬೇಕು! ಮೈಸೂರಿನಲ್ಲಿ ಪೊರಕೆಯನ್ನು ದೂರದಿಂದ ನೋಡಿ ಬೆಳೆದವಳು ನಾನು. ನಾನು ಗುಡಿಸುವುದನ್ನು ಫ್ರಾವ್ ಹೇಬರ್ಲೆ ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದರು. "ಫ್ರಾವ್ ರಾವ್, ನೀವು ನಡುವಿನಿಂದ ಯಾಕೆ ಶುರುಮಾಡ್ತೀರಿ? ಮೂಲೆಯಿಂದ! ಮೂಲೆಯಿಂದ!" ಫ್ರಾವ್ ರಾವ್, ಅಂದರೆ ಶ್ರೀಮತಿ ರಾವ್. ಅದು ನಾನೇ. ಯಾರಾದರೂ ಜೋರಾಗಿ ಕರೆದರೆ ಬೆಕ್ಕು ಜಗಳಕ್ಕೆ ಬಿದ್ದ ಹಾಗೆ ಕೇಳುತ್ತಿತ್ತು. ರಂಗೋಲಿ ಇಡುವವರು ನಡುವಿನಿಂದಲೇ ಶುರುಮಾಡುವುದು ತಾಯೀ, ಎಂದು ಜರ್ಮನ್‌ನಲ್ಲಿ ಹೇಳುವಷ್ಟು ಭಾಷೆ ನನಗೆ ಆಗ ಇರಲಿಲ್ಲ.

ಇಂಗ್ಲಿಷ್ ಮಾತ್ರ ಇತ್ತು! ಮೈಸೂರಿನ ಕಾನ್ವೆಂಟ್ ಇಂಗ್ಲಿಷ್. ಸಿಸ್ಟರ್ ಫಿಲೋಮಿನಾ ಬೆರಳ ಗಿಣ್ಣಿಗೆ ರೂಲರಿನಿಂದ ಹೊಡೆದು ಹೊಡೆದು ಕಲಿಸಿದ್ದು. ಒಂದು ಬೆಳಿಗ್ಗೆ ಆ ಸೀಮೆಯಲ್ಲಿ ಬೀಡುಬಿಟ್ಟಿದ್ದ ಅಮೆರಿಕನ್ ಸೈನಿಕರ ಜೀಪೊಂದು ದಾರಿ ತಪ್ಪಿ ನಮ್ಮ ಬೀದಿಗೆ ಬಂತು. ನಾನು ದಾರಿಯನ್ನೂ ಹೇಳಿದೆ, ಅವರ ಗ್ರಾಮರನ್ನೂ ತಿದ್ದಿದೆ. ಅವರು "ಯೆಸ್ ಮ್ಯಾಮ್" ಎಂದು ಟೋಪಿ ಮುಟ್ಟಿ ಹೋದರು. ಇದನ್ನು ರಾಟ್‌ಹೌಸ್, ಅಂದರೆ ಪಂಚಾಯಿತಿ ಕಚೇರಿಯ ಕಿಟಕಿಯಿಂದ ಊರಿನ ಮೇಯರ್ ನೋಡಿದರು.

ನನ್ನ ದುರದೃಷ್ಟ ಶುರುವಾದದ್ದು ಆ ಕಿಟಕಿಯಿಂದ.

ಸಂಗತಿ ಇಷ್ಟು. ಲಿಂಡೆನ್‌ಹೋಫೆನ್ನಿಗೂ ಇಂಗ್ಲೆಂಡಿನ ಥಿಸಲ್‌ಬಿ ಎಂಬ ಪುಟ್ಟ ಹಳ್ಳಿಗೂ ಸಂಬಂಧ ಕೂಡಿಬಂದಿತ್ತು. ಊರಿಗೂ ಊರಿಗೂ ಮದುವೆ ಮಾಡಿದ ಹಾಗೆ. ಯುದ್ಧ ಮಾಡಿದವರು ಇನ್ನು ನೆಂಟರಾಗಬೇಕು ಎಂದು ಆಗ ಊರೂರಲ್ಲೂ ಈ ಶುಭಕಾರ್ಯ ನಡೆಯುತ್ತಿತ್ತು. ಮೇ ಕೊನೆಯ ರಜೆಯಲ್ಲಿ ಒಂದು ಬಸ್ಸಿನ ತುಂಬ ಇಂಗ್ಲಿಷರು ಬರುವವರಿದ್ದರು. ಅವರು ಬರುವ ಮೊದಲು ಅವರ ಹಳ್ಳಿಯ ಇತಿಹಾಸ, ಆಚಾರ, ಜೀವನ ನಮ್ಮ ಜನಕ್ಕೆ ಗೊತ್ತಿರಬೇಕು, ಊರನ್ನು ಅವರ ಊರಿನಂತೆಯೇ ಸಿಂಗರಿಸಿ ಅವರನ್ನು ಚಕಿತಗೊಳಿಸಬೇಕು ಎಂದು ಮೇಯರ್ ಸಾಹೇಬರ ಆಸೆ.

"ಫ್ರಾವ್ ರಾವ್, ನಿಮ್ಮ ದೇಶದಲ್ಲಿ ಇಂಗ್ಲಿಷರು ಇದ್ದರಲ್ಲವೇ?"

"ಇದ್ದರು."

"ತುಂಬ ಕಾಲ?"

"ಬೇಕಾದ್ದಕ್ಕಿಂತ ತುಂಬ."

"ಹಾಗಾದರೆ ಅವರ ಹಳ್ಳಿಗಳ ವಿಚಾರ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ!"

ಇಲ್ಲ ಎನ್ನುವುದು ಎಷ್ಟು ಸಣ್ಣ ಮಾತು! ಜರ್ಮನ್‌ನಲ್ಲಿ ಇನ್ನೂ ಸಣ್ಣದು. ಆದರೆ ಸಿಸ್ಟರ್ ಫಿಲೋಮಿನಾ ತಮ್ಮ ಹಳ್ಳಿಯ ಬಗ್ಗೆ ಹೇಳಿದ ಕಥೆಗಳು ನನಗೆ ಬಾಯಿಪಾಠ. ಅದಕ್ಕಿಂತ ಹೆಚ್ಚಾಗಿ, ಆ ಊರಿನಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. ಪೊರಕೆಯ ವಿಷಯ ಬಿಟ್ಟು.

"ನಾಟ್ಯೂರ್ಲಿಷ್!" ಎಂದೆ. ಸಹಜವಾಗಿಯೇ!

ಸಂಜೆ ನಮ್ಮವರು ಕೋಟು ಬಿಚ್ಚುವ ಮೊದಲೇ ಸುದ್ದಿ ಹೇಳಿದೆ.

"ನೀನು ಇಂಗ್ಲೆಂಡ್ ನೋಡಿದ್ದೀಯೇನೇ?"

"ಬರೋವಾಗ ವಿಮಾನ ಅದರ ಮೇಲೇ ಬಂತಲ್ಲರೀ."

"ಬಾಂಬೆಯಿಂದ ಫ್ರಾಂಕ್‌ಫರ್ಟಿಗೆ ಬರೋ ವಿಮಾನ ಇಂಗ್ಲೆಂಡ್ ಮೇಲೆ ಯಾಕೆ ಬರುತ್ತೆ ಸರೋಜಾ? ದಾರಿ ತಪ್ಪಿತ್ತಾ?"

"ನಿಮಗೆ ಇನ್ನೊಬ್ಬರ ಕಾನ್ಫಿಡೆನ್ಸ್ ಕಂಡರೆ ಆಗಲ್ಲ," ಎಂದು ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟೆ.

ರಾಟ್‌ಹೌಸಿನ ಸಭಾಂಗಣದಲ್ಲಿ ನನ್ನ ಉಪನ್ಯಾಸ. ವಿಷಯ: ಒಂದು ಪುಟ್ಟ ಇಂಗ್ಲಿಷ್ ಹಳ್ಳಿಯ ಇತಿಹಾಸ ಮತ್ತು ಜನಜೀವನ. ಊರಿಗೆ ಊರೇ ಬಂದಿತ್ತು. ನಾನು ಮೈಸೂರು ರೇಷ್ಮೆ ಸೀರೆ ಉಟ್ಟು, ಕಣ್ಣು ಅರೆಮುಚ್ಚಿ, ಸಿಸ್ಟರ್ ಫಿಲೋಮಿನಾ ಹೇಳುತ್ತಿದ್ದ ಶೈಲಿಯಲ್ಲೇ ಶುರುಮಾಡಿದೆ. ಹರಕು ಜರ್ಮನ್ ಆದರೂ ಭಾವ ಉಕ್ಕಿ ಹರಿಯಿತು. ಆ ಹಳ್ಳಿಯಲ್ಲಿ ಸದಾ ಮಳೆ. ಜನಕ್ಕೆ ಆಲೂಗೆಡ್ಡೆಯೇ ಅನ್ನ. ಒಂದು ಕಾಲದಲ್ಲಿ ಆಲೂಗೆಡ್ಡೆ ನೆಲದಲ್ಲೇ ಕೊಳೆತು ಊರಿಗೆ ಊರೇ ಹಸಿವಿನಿಂದ ಸತ್ತಿತು. ಉಳಿದವರು ಹಡಗು ಹತ್ತಿದರು. ಆಲೂಗೆಡ್ಡೆಯ ಸುದ್ದಿ ಬಂದ ಕೂಡಲೇ ಮುಂದಿನ ಸಾಲಿನ ಹೆಂಗಸರು ಕರ್ಚೀಫು ತೆಗೆದರು.

"ಸರ್ಕಾರ ಏನೂ ಮಾಡಲಿಲ್ಲವೇ?" ಹಿಂದಿನಿಂದ ಒಬ್ಬ ಮುದುಕ ಕೇಳಿದ.

"ಇಲ್ಲ. ಜಮೀನ್ದಾರ ದೂರದ ಲಂಡನ್ನಿನಲ್ಲಿ ಕೂತು ಗೇಣಿ ವಸೂಲು ಮಾಡುತ್ತಿದ್ದ. ಅವನು ಇಂಗ್ಲಿಷಿನವನು."

"ಇವರು?"

"ಇವರೂ ಇಂಗ್ಲಿಷರೇ."

ಮುದುಕ ಬಿಡಲಿಲ್ಲ. "ಹಾಗಾದರೆ ಅವನು ಇಂಗ್ಲಿಷಿನವನು ಅಂತ ಬೇರೆ ಯಾಕೆ ಹೇಳಿದಿರಿ?"

"ಅವನು ಜಾಸ್ತಿ ಇಂಗ್ಲಿಷಿನವನು," ಎಂದು ಮುಂದಕ್ಕೆ ಹೋದೆ. ಆಗಲೇ ನಿಲ್ಲಿಸಬೇಕಿತ್ತು. ನಿಲ್ಲಿಸಿದರೆ ನಾನು ಸರೋಜಾ ಹೇಗಾದೇನು!

ಜನಜೀವನಕ್ಕೆ ಬಂದೆ. ಆ ಊರಿನಲ್ಲಿ ಹಬ್ಬಕ್ಕೆ ಎಲ್ಲರೂ ಹಸಿರು ತೊಡುತ್ತಾರೆ. ಒಲೆಗೆ ಸೌದೆಯಲ್ಲ, ಜೌಗು ನೆಲದಿಂದ ಅಗೆದು ಒಣಗಿಸಿದ ಪೀಟ್ ಎಂಬ ಮಣ್ಣುಗಡ್ಡೆ. ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ನಿಂತು "ಗಾಡ್ ಸೇವ್ ಆಲ್ ಹಿಯರ್" ಎನ್ನಬೇಕು. ಮತ್ತೆ ಎಲ್ಲಕ್ಕಿಂತ ಮುಖ್ಯವಾದದ್ದು, ಬಾಗಿಲು. ಪ್ರತಿಯೊಂದು ಮನೆಯ ಮುಂಬಾಗಿಲೂ ನಡುವಿಗೆ ಎರಡು ತುಂಡು. ಕೆಳಗಿನ ಅರ್ಧ ಮುಚ್ಚಿರುತ್ತದೆ: ಕೋಳಿ ಒಳಗೆ ಬರದಂತೆ, ಮಗು ಹೊರಗೆ ಹೋಗದಂತೆ. ಮೇಲಿನ ಅರ್ಧ ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತದೆ. ಮನೆಯಾಕೆ ಅದರ ಮೇಲೆ ಮೊಣಕೈ ಊರಿ ದಾರಿಹೋಕರನ್ನೆಲ್ಲ ಮಾತಾಡಿಸುತ್ತಾಳೆ. "ಅರ್ಧ ಬಾಗಿಲಿನ ಊರಲ್ಲಿ ಯಾರೂ ಪೂರ್ತಿ ಹೊರಗಿನವರಲ್ಲ," ಎಂದು ಸಿಸ್ಟರ್ ಹೇಳುತ್ತಿದ್ದ ಮಾತಿನಿಂದಲೇ ಮುಗಿಸಿದೆ.

ಚಪ್ಪಾಳೆಯೋ ಚಪ್ಪಾಳೆ! ಮೇಯರ್ ಎದ್ದು ನಿಂತರು. ಅದರ ಫಲ ಮರುದಿನದಿಂದಲೇ ಕಾಣಿಸಿತು. ಹಸಿರು ರಿಬ್ಬನ್ನು ಸುರುಳಿಗಟ್ಟಲೆ ಬಂತು. ಶಾಲೆಯ ಮಕ್ಕಳಿಗೆಲ್ಲ "ಗಾಡ್ ಸೇವ್ ಆಲ್ ಹಿಯರ್" ಉರುಹೊಡೆಸಲಾಯಿತು. ಪೀಟ್ ಎಲ್ಲಿ ಸಿಗುತ್ತೆ ಎಂದು ಹುಡುಕಿ, ಹೂಗಿಡಗಳಿಗೆ ಹಾಕುವ ಪೀಟ್ ಗೊಬ್ಬರದ ಮೂಟೆಯನ್ನೇ ತಂದು ರಾಟ್‌ಹೌಸಿನ ಒಲೆಗೆ ತುಂಬಿ ಬೆಂಕಿ ಹಚ್ಚಿದರು. ಬೆಂಕಿ ಹತ್ತಲಿಲ್ಲ. ಹೊಗೆ ಮಾತ್ರ ಕಿಟಕಿ, ಚಿಮಣಿ, ಬಾಗಿಲುಗಳಿಂದ ಒಟ್ಟಿಗೇ ಹೊರಟಿತು. ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ ಬಹಳ ವರ್ಷಗಳಿಂದ ಇಂಥದ್ದೊಂದು ಅವಕಾಶಕ್ಕೆ ಕಾಯುತ್ತಿತ್ತು. ನೀರು ಹೊಡೆದರು ನೋಡಿ! ಮೇಯರ್ ಕುರ್ಚಿಯ ಕುಶನ್ನು ಜೂನ್‌ವರೆಗೂ ಒಣಗಲಿಲ್ಲ.

"ಇಂಗ್ಲೆಂಡಿನ ಪೀಟ್ ಬೇರೆ ಕ್ವಾಲಿಟಿ," ಎಂದು ನಾನು ಸಮಾಧಾನ ಹೇಳಿದೆ.

ಇಷ್ಟೇ ಆಗಿದ್ದರೆ ನಕ್ಕು ಮರೆಯಬಹುದಿತ್ತು. ಆದರೆ ಒಂದು ಮಧ್ಯಾಹ್ನ ಮೆಟ್ಟಿಲಲ್ಲಿ ಹೆಜ್ಜೆ ಸದ್ದಾಯಿತು. ಫ್ರಾವ್ ಹೇಬರ್ಲೆ! ನಾವು ಬಂದಾಗಿನಿಂದ ಒಂದು ದಿನವೂ ಮಹಡಿ ಹತ್ತಿದವರಲ್ಲ. ಕೈಯಲ್ಲಿ ಸೇಬಿನ ಕೇಕು.

"ಮೊಟ್ಟೆ ಹಾಕಿಲ್ಲ. ನೀವು ತಿನ್ನೋದಿಲ್ಲ ಅಂತ ಗೊತ್ತು," ಎಂದರು, ನನ್ನ ಮೇಲೆ ತಪ್ಪು ಹೊರಿಸುವ ದನಿಯಲ್ಲೇ. ನಮ್ಮ ಕಸದ ಬುಟ್ಟಿಯನ್ನು ಅಷ್ಟು ಶ್ರದ್ಧೆಯಿಂದ ಗಮನಿಸಿದ್ದರು ಎಂದಾಯಿತು. ಕುರ್ಚಿಯ ಅಂಚಿನಲ್ಲಿ ಕೂತು, ಏಪ್ರನ್ನಿನ ತುದಿ ಸುರುಳಿ ಸುತ್ತುತ್ತಾ ಹೇಳಿದರು: "ಆ ಬಸ್ಸಿನಲ್ಲಿ ನನ್ನ ತಮ್ಮ ಬರ್ತಿದ್ದಾನೆ."

ತಮ್ಮ ಎಂದರೆ ಹೆರ್ಮನ್. ಯುದ್ಧದಲ್ಲಿ ಸೆರೆಸಿಕ್ಕು ಥಿಸಲ್‌ಬಿಯ ಹೊಲಗಳಲ್ಲಿ ಕೆಲಸ ಮಾಡಿದವನು. ಬಿಡುಗಡೆಯಾದ ಮೇಲೂ ವಾಪಸು ಬರದೆ ಅಲ್ಲಿನ ಡೊರೊಥಿ ಎಂಬ ಹುಡುಗಿಯನ್ನು ಮದುವೆಯಾದ. ಈ ಎರಡು ಊರುಗಳ ಸಂಬಂಧ ಕುದುರಿಸಿದವನೂ ಆ ಕಡೆಯಿಂದ ಅವನೇ. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಕರೆದುಕೊಂಡು ಒಮ್ಮೆ ಬಂದಿದ್ದನಂತೆ. ಅಪ್ಪ ಈ ಓಕ್ ಬಾಗಿಲನ್ನು ಅವನ ಮುಖದ ಮೇಲೆ ಮುಚ್ಚಿ, "ಈ ಬಾಗಿಲು ನಿನಗೆ ಇನ್ನು ತೆರೆಯೋದಿಲ್ಲ" ಎಂದುಬಿಟ್ಟರಂತೆ. ಅಪ್ಪ ತೀರಿಕೊಂಡಾಗಲೂ ಹೆರ್ಮನ್ ಸ್ಮಶಾನದವರೆಗೆ ಬಂದು, ಅಲ್ಲಿಂದಲೇ ಸ್ಟೇಷನ್ನಿಗೆ ಹೋದ. ಅಕ್ಕ ತಮ್ಮಂದಿರ ನಡುವೆ ಕ್ರಿಸ್‌ಮಸ್‌ಗೆ ಒಂದು ಕಾರ್ಡು. ಅಷ್ಟೇ.

"ಈಗಲೂ ಗಾಸ್ಟ್‌ಹೋಫಿನಲ್ಲಿ ಎಲ್ಲರ ಜೊತೆ ಇಳ್ಕೋತಾನಂತೆ. ಸ್ವಂತ ಊರಿಗೆ ಬಂದು ಹೋಟೆಲಿನಲ್ಲಿ! ಇಲ್ಲಿ ಅವನ ಹಾಸಿಗೆ ಹಾಗೇ ಇದೆ." ಅವರು ಕೇಕಿನ ತಟ್ಟೆಯನ್ನು ಸ್ವಲ್ಪ ಸರಿಸಿದರು, ಮತ್ತೆ ಅಲ್ಲಿಗೇ ತಂದರು. "ನೀವು ಹೇಳಿದಿರಲ್ಲ, ಅರ್ಧ ಬಾಗಿಲು. ಅವನ ಊರಲ್ಲಿರೋ ಥರದ್ದೇ ಬಾಗಿಲು ಇಲ್ಲೂ ಕಂಡರೆ… ಅಪ್ಪನ ಬಾಗಿಲು ಅಲ್ಲ ಅನ್ನಿಸಿದರೆ… ಒಳಗೆ ಬರಬಹುದು ಅಲ್ವಾ, ಫ್ರಾವ್ ರಾವ್?"

ಆ ಕಲ್ಲಿನಂಥ ಮುಖದಲ್ಲಿ ಅಂಥ ಆಸೆ! ಅದನ್ನು ಕಂಡ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಬಂದೇ ಬರ್ತಾರೆ! ಗ್ಯಾರಂಟಿ!"

ಬಡಗಿ ಬಂದ. ಬಾಗಿಲನ್ನು ಸವರಿ ನೋಡಿದ. "ಇದನ್ನ ಕುಯ್ಯೋದು ಪಾಪ," ಎಂದ. ಫ್ರಾವ್ ಹೇಬರ್ಲೆ ನನ್ನ ಮುಖ ನೋಡಿದರು. ನಾನು ಇಂಗ್ಲೆಂಡಿನ ಸಮಸ್ತ ಹಳ್ಳಿಗಳ ಅಧಿಕೃತ ಪ್ರತಿನಿಧಿಯ ಗಾಂಭೀರ್ಯದಿಂದ ತಲೆಯಾಡಿಸಿದೆ. ಎಷ್ಟು ಎತ್ತರಕ್ಕೆ ಕುಯ್ಯಬೇಕು ಎಂದು ಅವನು ಕೇಳಿದ. ಸಿಸ್ಟರ್ ಅದನ್ನು ಹೇಳಿರಲಿಲ್ಲ. "ಕೋಳಿ ಹಾರದಷ್ಟು," ಎಂದೆ. ಬಡಗಿ ತನ್ನ ಮನೆಯ ಕೋಳಿಗಳನ್ನು ನೆನೆದುಕೊಂಡು ನನ್ನ ಎದೆಯ ಮಟ್ಟಕ್ಕೆ ಗೆರೆ ಹಾಕಿದ.

ಗರ್ರ್… ಗರ್ರ್… ಗರ್ರ್…

ನಮ್ಮವರು ಕೆಲಸದಿಂದ ಬಂದಾಗ ಬಾಗಿಲಿನ ಮೇಲರ್ಧ ಅಂಗಳದಲ್ಲಿ ಮಲಗಿತ್ತು. ಹೊಟ್ಟಿನ ರಾಶಿಯ ನಡುವೆ ನಾನು ನಿಂತಿದ್ದೆ.

"ಇದೇನೇ ಇದು? ನಾವು ಈ ಮನೆಯಲ್ಲಿ ಇನ್ನೂ ಬಾಡಿಗೆಗೆ ಇದ್ದೀವಾ?"

"ಅವರೇ ಹೇಳಿ ಮಾಡಿಸಿದ್ದು ರೀ."

"ಯಾರ ಮಾತು ಕೇಳಿ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವ ಅಭ್ಯಾಸ ನಮ್ಮ ಮನೆತನದಲ್ಲಿ ಇಲ್ಲ.

ಆ ವಾರವೆಲ್ಲ ಮಳೆ. ಹೊಸದಾಗಿ ಕುಯ್ದ ಮರ ನೀರು ಕುಡಿದು ಉಬ್ಬಿಕೊಂಡು, ಮೇಲಿನ ಅರ್ಧ ಸರಾಗವಾಗಿ ತೆರೆದರೂ ಕೆಳಗಿನ ಅರ್ಧ ಚೌಕಟ್ಟಿಗೆ ಕಚ್ಚಿ ಕೂತಿತು. ನಾವು ಹಿಂದಿನ ಅಡುಗೆಮನೆ ಬಾಗಿಲಿನಿಂದ ಓಡಾಡತೊಡಗಿದೆವು. "ಬಿಸಿಲು ಬಂದರೆ ಸರಿಹೋಗುತ್ತೆ," ಎಂದ ಬಡಗಿ. ಬಸ್ಸು ಬರುವ ಬೆಳಿಗ್ಗೆ ಬಿಸಿಲೇನೋ ಬಂತು. ಬಾಗಿಲಿಗೆ ಆ ಸುದ್ದಿ ತಲುಪಲಿಲ್ಲ.

ಊರು ನೋಡಬೇಕಿತ್ತು ಅವತ್ತು! ಕಂಬ ಕಂಬಕ್ಕೂ ಹಸಿರು ರಿಬ್ಬನ್ನು. ಚೌಕದ ಕಾರಂಜಿಗೆ ಹಸಿರು ರಿಬ್ಬನ್ನು. ಮೇಯರ್ ಕತ್ತಿನಲ್ಲಿ ಹಸಿರು ಟೈ. ಬ್ಯಾಂಡಿನವರ ಟೋಪಿಯಲ್ಲಿ ಹಸಿರು ಎಲೆ. ನಾನು ದುಭಾಷಿ, ಬಾಟಲಿ ಹಸಿರು ಬಣ್ಣದ ಮೈಸೂರು ಸಿಲ್ಕು ಉಟ್ಟು ಎಲ್ಲರ ಮುಂದೆ ನಿಂತಿದ್ದೆ. ನಮ್ಮವರು ಮಾತ್ರ ಬೂದು ಬಣ್ಣದ ಸೂಟು ಹಾಕಿ ಜನರ ಹಿಂದೆ, ನನ್ನ ಪರಿಚಯವೇ ಇಲ್ಲದವರಂತೆ ನಿಂತಿದ್ದರು. ಫ್ರಾವ್ ಹೇಬರ್ಲೆ ಬಂದಿರಲಿಲ್ಲ. "ನಾನು ಬಾಗಿಲಲ್ಲಿ ಇರ್ತೀನಿ," ಎಂದಿದ್ದರು.

ಬಸ್ಸು ನಿಂತಿತು. ಇಂಗ್ಲಿಷರು ಒಬ್ಬೊಬ್ಬರಾಗಿ ಇಳಿದರು. ಮಕ್ಕಳು ಒಕ್ಕೊರಲಿನಿಂದ "ಗಾಡ್ ಸೇವ್ ಆಲ್ ಹಿಯರ್!" ಎಂದು ಕಿರುಚಿದವು. ಇಳಿಯುತ್ತಿದ್ದವರು ಹಾಗೆಯೇ ನಿಂತರು. ಮೊದಲು ಮಕ್ಕಳನ್ನು ನೋಡಿದರು. ಆಮೇಲೆ ರಿಬ್ಬನ್ನುಗಳನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೆಳ್ಳಿ ಕೂದಲಿನ ಒಬ್ಬ ಹೆಂಗಸು, ಕೈಚೀಲವನ್ನು ಎದೆಗೆ ಅವುಚಿಕೊಂಡು ಮುಂದೆ ಬಂದರು. ಅವರೇ ಡೊರೊಥಿ.

"ಎಷ್ಟು ಚೆನ್ನಾಗಿದೆ! ಐರಿಷ್ ತಂಡ ಯಾವುದಾದರೂ ಬರುವುದಿದೆಯೇ?" ಎಂದು ಬಹಳ ಸೌಜನ್ಯದಿಂದ ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲವಲ್ಲ. ಇದೆಲ್ಲ ನಿಮ್ಮದೇ. ಇಂಗ್ಲಿಷ್ ಹಳ್ಳಿ."

"ಮೈ ಡಿಯರ್," ಎಂದು ಅವರು ನನ್ನ ಕೈ ಹಿಡಿದುಕೊಂಡರು. "ಇದು ಐರ್‌ಲೆಂಡ್."

"ಆದರೆ ನಮ್ಮ ಸಿಸ್ಟರ್ ಇಂಗ್ಲಿಷಿನವರು. ಅವರ ಹಳ್ಳಿ ಕೌಂಟಿ ಗಾಲ್ವೇಯಲ್ಲಿ…"

ಡೊರೊಥಿ ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ಆಸ್ಪತ್ರೆಯಲ್ಲಿ ತಟ್ಟುತ್ತಾರಲ್ಲ, ಹಾಗೆ. ಗಾಲ್ವೇ ಇರುವುದೂ ಐರ್‌ಲೆಂಡಿನಲ್ಲೇ!

ಅಯ್ಯೋ ರಾಮ! ಕಣ್ಣ ಮುಂದೆ ಇಡೀ ಕಾನ್ವೆಂಟು ಹಾದುಹೋಯಿತು. ಸಿಸ್ಟರ್ ಫಿಲೋಮಿನಾ ಇಂಗ್ಲೆಂಡ್ ಎಂದು ಒಂದು ದಿನವಾದರೂ ಹೇಳಿದ್ದರೇ? ಇಲ್ಲ. "ಹೋಮ್" ಎನ್ನುತ್ತಿದ್ದರು. ಬಿಳಿ ಮುಖದವರ ಹೋಮು ಇಂಗ್ಲೆಂಡಲ್ಲದೆ ಇನ್ನೆಲ್ಲಿರುತ್ತದೆ ಎಂದು ನಾವು. ಮೈಸೂರಿನ ಹುಡುಗಿಯರಿಗೆ ಮದರ್, ಸಿಸ್ಟರ್ ಎಲ್ಲರೂ "ಇಂಗ್ಲಿಷಿನೋರು". ಪ್ರತಿ ಮಾರ್ಚಿನಲ್ಲಿ ಅವರು ಎದೆಗೆ ಹಸಿರೆಲೆ ಸಿಕ್ಕಿಸಿಕೊಂಡು ಒಂದು ದಿನ ಯಾರನ್ನೂ ಹೊಡೆಯದೆ ಬಿಡುತ್ತಿದ್ದರು. ನಮಗೆ ಬೇವಿನ ಎಲೆಯ ಕಾಲ ಅದು. ಇವರದೂ ಯುಗಾದಿಯೇ ಇರಬೇಕು, ಪಾಪ, ಬೆಲ್ಲ ಸಿಕ್ಕಿಲ್ಲ ಎಂದುಕೊಂಡಿದ್ದೆವು!

"ಫ್ರಾವ್ ರಾವ್," ಮೇಯರ್ ಕಿವಿಯ ಹತ್ತಿರ ಬಗ್ಗಿದರು. "ಆಕೆ ಏನೆಂದರು?"

ದುಭಾಷಿಯ ಧರ್ಮ ಬಹಳ ಕಠಿಣವಾದದ್ದು. ತನ್ನ ಮರಣದಂಡನೆಯನ್ನು ತಾನೇ ಅನುವಾದಿಸಬೇಕು. ನಾನು ಗಂಟಲು ಸರಿಮಾಡಿಕೊಂಡೆ.

"ಊರು ತುಂಬ ಹಸಿರಾಗಿದೆ ಎಂದರು."

ಮೇಯರ್ ಮುಖ ಅರಳಿತು. ಅಷ್ಟರಲ್ಲಿ ಬಸ್ಸಿನ ಮೆಟ್ಟಿಲಿನಿಂದ ದಪ್ಪಗಿನ, ಕೆಂಪು ಮುಖದ ಒಬ್ಬ ಮನುಷ್ಯ ಅಪ್ಪಟ ಅದೇ ಊರಿನ ಜರ್ಮನ್‌ನಲ್ಲಿ ಗಟ್ಟಿಯಾಗಿ ಹೇಳಿದ: "ಇಲ್ಲ ಸ್ವಾಮೀ! ಇದು ಐರ್‌ಲೆಂಡ್ ಅಂದಳು ನನ್ನ ಹೆಂಡತಿ. ನೀವು ಸಿಂಗರಿಸಿರೋದು ಬೇರೆಯವರ ಮದುವೆಗೆ!"

ಹೆರ್ಮನ್!

ಬ್ಯಾಂಡಿನವನೊಬ್ಬ ಟೋಪಿಯ ಎಲೆಯನ್ನು ಮೆಲ್ಲಗೆ ಕಿತ್ತು ಜೇಬಿಗೆ ಹಾಕಿಕೊಂಡ. ಇಂಗ್ಲಿಷರೂ ಐರಿಷರೂ ಕತ್ತು ಹಿಸುಕಿಕೊಳ್ಳುತ್ತಿದ್ದ ವರ್ಷಗಳು ಅವು; ನನ್ನ ದೆಸೆಯಿಂದ ಎರಡು ಊರಿನ ಮದುವೆ ಮಂಟಪದಲ್ಲೇ ಮುರಿಯುವ ಹಾಗಿತ್ತು. ಊರೆಲ್ಲ ನನ್ನ ಕಡೆ ತಿರುಗಿತು. ಆದರೆ ನನ್ನ ಜೀವ ಅಲ್ಲಿರಲಿಲ್ಲ. ಬಾಗಿಲು! ಬಾಗಿಲಲ್ಲಿ ಆ ಹೆಂಗಸು ನಿಂತಿದ್ದಾರೆ!

ಸೀರೆಯ ನೆರಿಗೆ ಎತ್ತಿ ಹಿಡಿದು ಓಡಿದೆ. ಹಿಂದಿನಿಂದ ನಮ್ಮವರು, "ಸರೋಜಾ, ಎಲ್ಲಿಗೇ? ಬಾರ್ಡರ್ ಆ ಕಡೆ ಅಲ್ಲ!" ಎನ್ನುತ್ತಾ ಓಡಿಬಂದರು. ಮೇಲಿನ ಅರ್ಧ ತೆರೆದಿತ್ತು. ಫ್ರಾವ್ ಹೇಬರ್ಲೆ ಒಳಗಿನಿಂದ, ಕೂದಲು ಬಾಚಿ, ಭಾನುವಾರದ ಕಪ್ಪು ಉಡುಪು ತೊಟ್ಟು, ಕೆಳಗಿನ ಅರ್ಧದ ಮೇಲೆ ಮೊಣಕೈ ಊರಿ ನಿಂತಿದ್ದರು. ನಾನು ಹೇಳಿಕೊಟ್ಟ ಹಾಗೆಯೇ.

"ಮುಚ್ಚಿ! ಮುಚ್ಚಿಬಿಡಿ! ಇದು ಐರ್‌ಲೆಂಡ್!"

"ಯಾವ ಐರ್‌ಲೆಂಡ್?"

"ಅವರ ಊರಲ್ಲಿ ಇಂಥ ಬಾಗಿಲೇ ಇಲ್ಲ!"

ಅವರು ನನ್ನನ್ನು ನೋಡಲಿಲ್ಲ. ನನ್ನ ಹೆಗಲಿನ ಮೇಲಿಂದ ರಸ್ತೆ ನೋಡುತ್ತಿದ್ದರು. ಹೆರ್ಮನ್ ಬರುತ್ತಿದ್ದ. ಗಾಸ್ಟ್‌ಹೋಫಿಗೆ ಹೋಗುವ ದಾರಿ ಆ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಕೈಯಲ್ಲಿ ಸೂಟ್‌ಕೇಸು, ಪಕ್ಕದಲ್ಲಿ ಡೊರೊಥಿ, ಹಿಂದೆ ಬ್ಯಾಂಡು ಸಮೇತ ಊರು. ಅವನು ತಲೆ ಬಗ್ಗಿಸಿಕೊಂಡೇ ದಾಟಿಹೋಗುವವನಿದ್ದ. ಒಮ್ಮೆ ಮಾತ್ರ ಕಣ್ಣೆತ್ತಿದ. ನಿಂತ.

"ಬಾಗಿಲನ್ನ ಯಾರು ಕುಯ್ದದ್ದು?"

ಫ್ರಾವ್ ಹೇಬರ್ಲೆ ಕೈಯೆತ್ತಿ ನೇರವಾಗಿ ನನ್ನನ್ನು ತೋರಿಸಿದರು. "ನಿಮ್ಮ ಊರಲ್ಲಿ ಎಲ್ಲರ ಮನೆಯಲ್ಲೂ ಹೀಗೇ ಅಂದಳು."

"ನಮ್ಮ ಊರಲ್ಲಿ ಮಾಮೂಲಿ ಬಾಗಿಲು. ಒಂದು ಗಂಟೆ ಇರುತ್ತೆ. ಒತ್ತಬೇಕು." ಅವನು ಸೂಟ್‌ಕೇಸು ಕೆಳಗಿಟ್ಟು ಹತ್ತಿರ ಬಂದ. ಕುಯ್ದ ಅಂಚಿನ ಮೇಲೆ ಬೆರಳು ಆಡಿಸಿದ. "ಅಪ್ಪನ ಬಾಗಿಲು," ಎಂದ. "ಅಪ್ಪನ ಬಾಗಿಲನ್ನ ಕುಯ್ಯಿಸಿಬಿಟ್ಟೆಯಾ, ಎಮ್ಮಾ?"

"ಹೂಂ," ಎಂದರು ಅಕ್ಕ. "ನೀನು ಬರ್ತೀಯ ಅಂತ."

ಹೆರ್ಮನ್ನನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ಎಲ್ಲ ಮುಗಿಯಿತು, ಇನ್ನು ಸಾಮಾನು ಕಟ್ಟುವುದೇ ಎಂದುಕೊಂಡೆ. ನೋಡಿದರೆ ನಗು! ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಗೋಡೆಗೆ ಒರಗಿ ನಗು. ಅಕ್ಕನ ಮುಖದಲ್ಲಿಯೂ ಏನೋ ಬಿರುಕು ಬಿಟ್ಟಿತು. ಫ್ರಾವ್ ಹೇಬರ್ಲೆಗೆ ಹಲ್ಲುಗಳಿವೆ ಎಂದು ನನಗೆ ಗೊತ್ತಾದದ್ದು ಅವತ್ತು.

"ಸರಿ, ತೆಗಿ," ಎಂದ.

ಅವರು ಎಳೆದರು. ಕೆಳಗಿನ ಅರ್ಧ ಅಲುಗಲಿಲ್ಲ. ನಾನು ತಳ್ಳಿದೆ. ನಮ್ಮವರು ಎಂಜಿನಿಯರಿಂಗ್ ದೃಷ್ಟಿಯಿಂದ ಪರಿಶೀಲಿಸಿ, ಒದ್ದರು. ಅಲುಗಲಿಲ್ಲ. ಹೋಗಿಯೂ ಹೋಗದ ಆ ಅಪ್ಪ ಒಳಗಿನಿಂದ ಹಿಡಿದು ನಿಂತ ಹಾಗಿತ್ತು.

"ತೆರೆಯೋದಿಲ್ಲ ಅಂದಿದ್ದ ಮುದುಕ. ಮಾತಿಗೆ ತಪ್ಪಲಿಲ್ಲ," ಎಂದು ಹೆರ್ಮನ್ ಕೋಟು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಒಂದು ಕಾಲನ್ನು ಬಾಗಿಲಿನ ಮೇಲೆ ಹಾಕಿದ.

ಕೋಳಿ ಹಾರದಷ್ಟು ಎತ್ತರ ಎಂದು ಅಳತೆ ಕೊಟ್ಟವಳು ನಾನು. ಹೆರ್ಮನ್ ಹಾರುವ ಅಳತೆ ಯಾರೂ ಕೇಳಿರಲಿಲ್ಲ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡ! ಒಂದು ಕಾಲು ಮನೆಯಲ್ಲಿ, ಒಂದು ಕಾಲು ಬೀದಿಯಲ್ಲಿ, ಹೊಟ್ಟೆ ಬಾಗಿಲಿನ ಮೇಲೆ. ಒಳಗಿನಿಂದ ಅಕ್ಕ ಎಳೆದರು. ಹೊರಗಿನಿಂದ ಮೇಯರ್, ನಮ್ಮವರು, ಬ್ಯಾಂಡಿನ ದೊಡ್ಡ ಡೋಲಿನವನು, ಮೂವರೂ ತಳ್ಳಿದರು. ನಾನು "ಹುಷಾರು! ಹುಷಾರು!" ಎಂದು ಎರಡೂ ಭಾಷೆಗಳಲ್ಲಿ ಅನುವಾದಿಸುತ್ತಿದ್ದೆ. ಕೊನೆಗೆ ಧಡ್ ಎಂದು ಒಳಗೆ ಬಿದ್ದ. ಜೊತೆಗೆ ಅಕ್ಕನೂ.

ಇಣುಕಿ ನೋಡಿದೆ. ಇಬ್ಬರೂ ನೆಲದ ಮೇಲೆ ಕೂತಿದ್ದರು. ಫ್ರಾವ್ ಹೇಬರ್ಲೆ ತಮ್ಮನ ಪ್ಯಾಂಟಿನ ಧೂಳನ್ನು ಕೈಯಿಂದ ಕೊಡವುತ್ತಿದ್ದರು. ಕೊಡವುತ್ತಲೇ ಇದ್ದರು. ಅಲ್ಲಿ ಧೂಳು ಇರಲಿಲ್ಲ. ಆ ಮನೆಯಲ್ಲಿ ಧೂಳು ಎಲ್ಲಿಂದ ಬರಬೇಕು!

ಹೊರಗೆ ಡೊರೊಥಿ ಗಂಡನ ಕೋಟು ಹಿಡಿದುಕೊಂಡು, ಬಾಗಿಲಿನ ಎತ್ತರವನ್ನು ತಮ್ಮ ಸ್ಕರ್ಟಿನೊಂದಿಗೆ ಹೋಲಿಸಿ ನೋಡುತ್ತಿದ್ದರು.

"ಈ ಮನೆಗೆ ಹಿಂಬಾಗಿಲು ಇಲ್ಲವೇ?" ಎಂದು ಮೆಲ್ಲಗೆ ಕೇಳಿದರು.

ನಾನು ಅನುವಾದಿಸಿದೆ. ಅಡುಗೆಮನೆ ಬಾಗಿಲು! ಅದು ಇತ್ತಲ್ಲ! ಅಪ್ಪ ಅದರ ವಿಷಯ ಏನೂ ಹೇಳಿಯೇ ಇರಲಿಲ್ಲವಂತೆ. ಯುದ್ಧ ಮುಗಿದಾಗಿನಿಂದ ಅದು ಅಲ್ಲೇ ಇತ್ತು, ಚಿಲಕವೂ ಹಾಕುತ್ತಿರಲಿಲ್ಲ. ಇಷ್ಟು ವರ್ಷ ಅವರಿಗೆ ಹೊಳೆಯದಿದ್ದರೆ ಹೋಗಲಿ, ಈ ಒಂದು ವಾರ ಅದರಲ್ಲೇ ಓಡಾಡಿದ ನನಗಾದರೂ ಹೊಳೆಯಬಾರದೇ?

ಹೆರ್ಮನ್ ಗಾಸ್ಟ್‌ಹೋಫಿಗೆ ಹೋಗಲಿಲ್ಲ. ರಜೆ ಮುಗಿಯುವವರೆಗೆ ತನ್ನ ಹಳೆಯ ಹಾಸಿಗೆಯಲ್ಲೇ ಮಲಗಿದ. ಊರುಗಳ ಸಂಬಂಧವೂ ಉಳಿಯಿತು. ಇಂಗ್ಲಿಷರು ಹಸಿರು ರಿಬ್ಬನ್ನುಗಳನ್ನು ನೆನಪಿಗೆಂದು ಕೇಳಿ ಒಯ್ದರು. ಮುಂದೆ ಫ್ರಾನ್ಸಿನ ಒಂದು ಊರಿನ ಜೊತೆಯೂ ಮಾತುಕತೆ ನಡೆದಾಗ ಮೇಯರ್ ರಸ್ತೆಯಲ್ಲಿ ನನ್ನನ್ನು ಕಂಡು ತಡೆದು ನಿಂತರು.

"ಫ್ರಾವ್ ರಾವ್, ನಿಮ್ಮ ದೇಶದಲ್ಲಿ ಫ್ರೆಂಚರೂ…"

"ಇರಲೇ ಇಲ್ಲ!" ಎಂದೆ. ಪಾಂಡಿಚೇರಿಯವರು ಕ್ಷಮಿಸಬೇಕು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮಗೆ ಫೊಯರ್‌ಬಾಕ್‌ನಲ್ಲೇ ಮನೆ ಸಿಕ್ಕಿತು. ಸಾಮಾನಿನ ಲಾರಿ ಹೊರಟ ಬೆಳಿಗ್ಗೆ ಫ್ರಾವ್ ಹೇಬರ್ಲೆ ಕೆಳಗಿನ ಅರ್ಧದ ಮೇಲೆ ಮೊಣಕೈ ಊರಿ ನಿಂತಿದ್ದರು. ಬಡಗಿ ಅದನ್ನು ಯಾವಾಗಲೋ ಉಜ್ಜಿ ಸರಿಮಾಡಿದ್ದ. ಮತ್ತೆ ಒಂದೇ ಬಾಗಿಲಾಗಿ ಜೋಡಿಸಿಕೊಡುತ್ತೇನೆ ಎಂದು ಅವನು ಎಷ್ಟು ಹೇಳಿದರೂ ಅವರು ಒಪ್ಪಿರಲಿಲ್ಲ. ಹಾಲಿನವಳು, ಅಂಚೆಯವನು, ಶಾಲೆಗೆ ಹೋಗುವ ಮಕ್ಕಳು, ಎಲ್ಲರೂ ಈಗ ಅಲ್ಲಿ ಒಂದು ಗಳಿಗೆ ನಿಂತೇ ಹೋಗುತ್ತಿದ್ದರು.

"ಹೆರ್ಮನ್ ಫೋನ್ ಮಾಡಿದ್ದ," ಎಂದರು. "ಅವನೂ ತನ್ನ ಮುಂಬಾಗಿಲು ಕುಯ್ಯಿಸಿದನಂತೆ. ನೋಡಿ ಪಕ್ಕದ ಮನೆಯವರೂ ಕುಯ್ಯಿಸಿದರಂತೆ. ಥಿಸಲ್‌ಬಿಯಲ್ಲಿ ಈಗ ಅದೇ ಫ್ಯಾಷನ್. ಜರ್ಮನ್ ಬಾಗಿಲು ಅಂತ ಕರೀತಾರಂತೆ."

ಇಂಗ್ಲೆಂಡಿನ ನೆಲವನ್ನೇ ಮೆಟ್ಟದ ನಾನು ಹೀಗೆ ಒಂದು ಪುಟ್ಟ ಇಂಗ್ಲಿಷ್ ಹಳ್ಳಿಯ ಇತಿಹಾಸದಲ್ಲಿ ಒಂದು ಅಧ್ಯಾಯ ಸೇರಿಸಿದೆ. ಅದೂ ತಪ್ಪು!

ನಾನು ಕೈಚೀಲ ಹೆಗಲಿಗೆ ಹಾಕಿಕೊಂಡು ಏನಾದರೂ ಹೇಳಬೇಕೆಂದು ನಿಂತೆ. ಕಣ್ಣು ತುಂಬಿ ಬಂದಿತ್ತು. ಅವರು ಬಾಗಿಲಿನ ಒಳಗಿನಿಂದ ಏನನ್ನೋ ಎತ್ತಿ ನನ್ನ ಕೈಗೆ ದಾಟಿಸಿದರು. ಪೊರಕೆ.

"ಈ ವಾರ ನಿಮ್ಮದು."

ಅವರನ್ನು ನೋಡುವುದು ಅದೇ ಕೊನೆ ಎಂದು ಗೊತ್ತಿದ್ದರೆ ಇನ್ನೂ ಚೆನ್ನಾಗಿ ಗುಡಿಸುತ್ತಿದ್ದೆನೋ ಏನೋ. ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಗಳದ ನಡುವಿನಿಂದಲೇ ಶುರುಮಾಡಿದೆ.

"ಮೂಲೆಯಿಂದ, ಫ್ರಾವ್ ರಾವ್!" ಅರ್ಧ ಬಾಗಿಲಿನ ಮೇಲಿಂದ ಕೂಗು ಬಂತು. "ಮೂಲೆಯಿಂದ!"